ತಯೆಲ್ಲಾ

ಸಭೆ ಶುರುವಾಗುವುದಕ್ಕೆ ಮುಂಚೆ ಅವಳು ಎರಡು ಸಲ ಶೌಚಾಲಯಕ್ಕೆ ಹೋಗಿ ಬಂದಳು. ಎರಡನೆಯ ಸಲ ಹೋಗುವ ಅಗತ್ಯವೇನೂ ಇರಲಿಲ್ಲ, ಮುನ್ನೆಚ್ಚರಿಕೆ, ಅಷ್ಟೇ. ಕೈ ತೊಳೆಯುತ್ತ ಕನ್ನಡಿ ನೋಡಿಕೊಂಡರೆ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಹಾಗೆ ಏನೂ ಕಾಣದಿರುವುದೇ ಅನುಮಾನ ಹುಟ್ಟಿಸುವಂತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ಸುಮ್ಮಸುಮ್ಮನೆ ತುಟಿ ಒರೆಸಿಕೊಂಡಳು. ತಪ್ಪು ನಡೆದದ್ದು ತುಟಿಯಿಂದ. ಹೊರಗೆ ಕಾರಿಡಾರಿನ ಉದ್ದಕ್ಕೂ ಕಂಪನಿಯ ಹಳೆಯ ಕಾರುಗಳ ಚಿತ್ರಗಳನ್ನು ತೂಗುಹಾಕಿದ್ದರು, ಮನೆತನದ ಹಿರಿಯರನ್ನು ತೂಗುಹಾಕಿದ ಹಾಗೆ, ಒಂದೊಂದರ ಕೆಳಗೂ ಒಂದೊಂದು ಹೆಸರು. ಅವುಗಳಲ್ಲಿ ಐದಾರು ಹೆಸರು ಅವಳ ಕೈಯಲ್ಲೇ ಹಾದುಹೋಗಿದ್ದವು. ಅವಳ ಕೆಲಸವೇ ಅದು: ಕಂಪನಿ ಇಡಲು ಹೊರಟ ಹೆಸರು ಜಗತ್ತಿನ ಯಾವ ಮೂಲೆಯಲ್ಲಾದರೂ ಬೈಗುಳವೋ, ರೋಗವೋ, ನಾಲ್ಕು ಜನರ ಮುಂದೆ ಹೇಳಬಾರದ ಅಂಗವೋ ಆಗಿಬಿಡುತ್ತದೆಯೇ ಎಂದು ಪತ್ತೆ ಹಚ್ಚುವುದು. ಐವತ್ತು ಭಾಷೆಯವರಿಗೆ ಫೋನು ಮಾಡಿ, "ಈ ಪದ ಕೇಳಿದ್ರೆ ನಿಮಗೆ ನಗು ಬರುತ್ತಾ?" ಎಂದು ಕೇಳುವುದು. ಯಾರೂ ನಗದಿದ್ದರೆ ಹೆಸರು ಪಾಸು. ಈ ಸಲ ಐವತ್ತು ಭಾಷೆಯಲ್ಲೂ ಯಾರೂ ನಕ್ಕಿರಲಿಲ್ಲ. ನಗು ಅದುಮಿಕೊಂಡು ಕೂತವಳು ಅವಳೊಬ್ಬಳೇ. ಇವತ್ತು ಎಲ್ಲರ ಮುಂದೆ ಎದ್ದು ನಿಂತು, ಈ ಹೆಸರಿಗೆ ಯಾವ ಭಾಷೆಯಲ್ಲೂ ಅರ್ಥವಿಲ್ಲ ಎಂದು ಅವಳೊಂದು ಮಾತು ಹೇಳಬೇಕಿತ್ತು.

ಹೆಸರು ಹುಟ್ಟಿದ ಆ ಮಧ್ಯಾಹ್ನ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕಾರು ಇನ್ನೂ ಜೇಡಿಮಣ್ಣಿನ ಗೊಂಬೆಯಾಗಿ ಕೆಳಗಿನ ಹಾಲ್‌ನಲ್ಲಿ ಬಟ್ಟೆ ಹೊದ್ದು ಕೂತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೇ ಇವರ ವೃತ್ತಿ. ಗಾಳಿಗಳ ಹೆಸರೆಲ್ಲ ಮುಗಿದಿದ್ದವು. ನಕ್ಷತ್ರ, ನದಿ, ಕಾಡುಪ್ರಾಣಿ ಎಲ್ಲವನ್ನೂ ಬೇರೆ ಬೇರೆ ಕಂಪನಿಯವರು ಹಿಡಿದು ಕಟ್ಟಿಹಾಕಿಕೊಂಡಿದ್ದರು. ಯಾರಾದರೂ ಒಂದು ಹೊಸ ಪದ ಹೇಳಿದರೆ ಕಂಪನಿಯ ವಕೀಲೆ ತಲೆಯೆತ್ತದೆಯೇ, "ಅದು ಪಂಪ್‌ಸೆಟ್ಟು" ಎನ್ನುತ್ತಿದ್ದಳು, "ಅದು ಮಂಡಿನೋವಿನ ಮುಲಾಮು", "ಅದು ನಾಯಿ ಬಿಸ್ಕತ್ತು." ಮೇಜಿನ ತುದಿಯಲ್ಲಿ ದೊಡ್ಡವರು ಕೂತಿದ್ದರು. ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೆ. ಕುರ್ಚಿ ದೊಡ್ಡದು, ಆಳು ಗಿಡ್ಡ. ಸಣ್ಣ ಕಾರಿನ ಹೆಸರು 'ಓ' ಎಂದು ಮುಗಿಯಬೇಕು, ಆಗ ಅದು ಪುಟಿಯುತ್ತದೆ, ಎಂದು ಅವರು ಪಾಠ ಹೇಳುತ್ತಿದ್ದರು. ಸಂಸಾರಸ್ಥರ ಕಾರಿಗೆ 'ಆ', ಬಾಗಿಲು ತೆರೆದ ಹಾಗೆ ಬಾಯಿ ತೆರೆಯಬೇಕು. ಭಾರಿ ಶ್ರೀಮಂತರಿಗೆ ಹೆಸರೇ ಬೇಡ, ಒಂದು ಅಕ್ಷರ ಒಂದು ನಂಬರು ಸಾಕು, ಕೈದಿಗಳಿಗೆ ಕೊಟ್ಟ ಹಾಗೆ. "ಅರ್ಥ ಇರಬಾರ್ದು," ಎಂದರು. "ಆದ್ರೆ ಅರ್ಥ ಇದೆ ಅಂತ ಅನ್ನಿಸ್ಬೇಕು. ಒಳಗಿಂದ ಒತ್ತಿಕೊಂಡು ಬಂದ ಹಾಗಿರ್ಬೇಕು." ಅವಳ ಒಳಗಿಂದ ಒತ್ತಿಕೊಂಡು ಬರುತ್ತಿದ್ದುದು ಬೇರೆಯೇ. ಊಟ ಆದ ಮೇಲೆ ಕುಡಿದ ಚಹಾ, ಅದರ ಮೇಲೆ ನಿದ್ದೆ ಬಾರದಿರಲೆಂದು ಕುಡಿದ ಇನ್ನೊಂದು ಚಹಾ, ಅದರ ಮೇಲೆ ನೀರು. ಯಾರೂ ಎದ್ದಿರಲಿಲ್ಲ, ಮೊದಲು ಏಳುವವಳು ತಾನಾಗಬಾರದೆಂಬ ಹಾಳು ಮರ್ಯಾದೆ. ಕಾಲ ಮೇಲೆ ಕಾಲು ಹಾಕಿ, ಬದಲಿಸಿ ಹಾಕಿ, ಬೆರಳುಗಳಿಂದ ಕುರ್ಚಿಯ ಅಂಚು ಹಿಡಿದು, ಅವಳು ಒಳಗೊಳಗೇ ಒಂದು ಪದವನ್ನು ಜಪಿಸುತ್ತಿದ್ದಳು. ಆಗಲೇ ದೊಡ್ಡವರು ಪೆನ್ನನ್ನು ಅವಳತ್ತ ತಿರುಗಿಸಿ, "ನೀವ್ ಹೇಳಮ್ಮ, ಈಗ, ಈ ಕ್ಷಣ, ನಿಮ್ಮ ಮನಸ್ಸಲ್ಲಿ ಏನಿದೆ?" ಎಂದುಬಿಟ್ಟರು. ಮನಸ್ಸಲ್ಲಿದ್ದದ್ದು ಬಾಯಿಗೆ ಬಂತು.

"ತಯೆಲ್ಲಾ."

ವಕೀಲೆ ಆ ದಿನ ಮೊದಲ ಬಾರಿಗೆ ತಲೆಯೆತ್ತಿದಳು. ದೊಡ್ಡವರು ಕಣ್ಣು ಮುಚ್ಚಿ, "ಇನ್ನೊಂದ್ಸಲ ಹೇಳಿ" ಎಂದರು. "ತಯೆಲ್ಲಾ," ಎಂದಳು ಅವಳು, ಈ ಸಲ ನಿಜವಾದ ಪ್ರಾಣಸಂಕಟದಿಂದ. "ನೋಡಿ, ಆ ಧ್ವನಿಯಲ್ಲಿರೋ ತುಡಿತ ನೋಡಿ," ಎಂದು ಅವರು ಉಳಿದವರಿಗೆ ತೋರಿಸುತ್ತಿರುವಾಗಲೇ ಅವಳು ಕುರ್ಚಿ ಹಿಂದೆ ತಳ್ಳಿ ಓಡಿದ್ದಳು. ವಾಪಸು ಬರುವಷ್ಟರಲ್ಲಿ ಪದ ಹಲಗೆಯ ಮೇಲಿತ್ತು, ನೀಲಿ ಶಾಯಿಯಲ್ಲಿ, ಸುತ್ತ ಒಂದು ವೃತ್ತ. ಆಡಿದ ಮಾತು, ಒಡೆದ ಮುತ್ತು.

ಆ ಪದ ಸಾಸಿವೆಯದು. ಸಾಸಿವೆ ಅವಳ ಮಗಳು. ಹುಟ್ಟಿದಾಗ ಅಷ್ಟು ಸಣ್ಣಗಿದ್ದಳು, ಬಿಸಿ ತಾಗಿದರೆ ಹಾಗೇ ಸಿಡಿಯುತ್ತಿದ್ದಳು. ಊರಿನ ಕಾರಿಗೆಲ್ಲ ಹೆಸರು ಹುಡುಕುವವಳು ಹೆತ್ತ ಮಗುವಿಗೆ ಒಂದು ಹೆಸರು ಸಿಗದೆ ತಿಂಗಳುಗಟ್ಟಲೆ ತಿಣುಕುತ್ತಿದ್ದಾಗ ಅತ್ತೆ ಬೇಸತ್ತು ಇಟ್ಟದ್ದು ಅದು. ಆಮೇಲೆ ಇಟ್ಟ ನಿಜವಾದ ಹೆಸರು ಶಾಲೆಯ ಹಾಜರಿಗೆ ಮಾತ್ರ ಉಪಯೋಗಕ್ಕೆ ಬಂತು. ಮಾತು ಕಲಿಯುವ ಆ ದಿನಗಳಲ್ಲಿ ಸಾಸಿವೆ ತೊಡೆ ಎರಡನ್ನೂ ಅಂಟಿಸಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. 'ತಡೆಯಲ್ಲ' ಎನ್ನಲು ಹೋಗಿ 'ತಯೆಲ್ಲಾ' ಎನ್ನುತ್ತಿದ್ದಳು. ಅಮ್ಮಾ, ಇನ್ನು ತಡೆಯಲ್ಲ, ಎತ್ತಿಕೊಂಡು ಓಡು ಎಂಬುದೆಲ್ಲ ಆ ಒಂದು ಪದದೊಳಗೆ. ಕೈಯಲ್ಲಿ ಹಿಟ್ಟಿದ್ದರೆ ಹಿಟ್ಟಿನ ಕೈಯಲ್ಲೇ ಓಡಬೇಕು. ಅಮ್ಮನಿಗೆ ಆ ಪದ ಎಷ್ಟು ಹಿಡಿಸಿತೆಂದರೆ ತಿದ್ದುವ ಮನಸ್ಸೇ ಬರಲಿಲ್ಲ. ದಿನವಿಡೀ ಪರರ ಭಾಷೆಯ ಪದಗಳನ್ನು ಮೂಸಿ ಮೂಸಿ ನೋಡುವವಳಿಗೆ ಮನೆಯಲ್ಲೇ ಒಂದು ಹೊಸ ಪದ ಸಿಕ್ಕಿತ್ತು, ಒಲೆಯಿಂದ ಈಗ ಇಳಿಸಿದಂಥದು, ಯಾರ ಎಂಜಲೂ ಆಗದ್ದು. ಕನ್ನಡಕದ ಅಂಗಡಿ ಇಟ್ಟಿದ್ದ ಗಂಡನಿಗೂ ಅಂಟಿಕೊಂಡಿತು. ಫೋನಿನಲ್ಲಿ ಮಾತಾಡುತ್ತ ಆಡುತ್ತ, "ನಂಗೂ ತಯೆಲ್ಲಾ ಕಣೆ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತಿದ್ದ. ಇನ್ನು ಅತ್ತೆ. ಕಿವಿ ಮಂದವಾಗಿ, ಹತ್ತಿರ ನಿಂತು ಕೂಗಿದರೂ "ಹಾಂ?" ಎನ್ನುತ್ತಿದ್ದ ಅವರಿಗೆ ಆ ಪದ ಒಂದು ಮಾತ್ರ ಮನೆಯ ಯಾವ ಮೂಲೆಯಿಂದ ಬಂದರೂ ಕೇಳಿಸುತ್ತಿತ್ತು. ಮಂಚದಿಂದ ಕಾಲಿಳಿಸಿ, "ಯಾರಿಗೆ? ಬೇಗ ಕರ್ಕೊಂಡು ಹೋಗು, ನಿಂತ್ಕೋಬೇಡ" ಎನ್ನುತ್ತಿದ್ದರು.

ಆಮೇಲೆ ಸಾಸಿವೆ ಶಾಲೆಗೆ ಸೇರಿದಳು. ಸೇರಿದ ಹೊಸತರಲ್ಲೇ ಒಂದು ದಿನ ಕೈ ಎತ್ತಿ ಎದ್ದು ನಿಂತು, "ತಯೆಲ್ಲಾ" ಎಂದಳಂತೆ. ಟೀಚರ್ ಒಳ್ಳೆಯವರೇ, ಕಷ್ಟ ಇದ್ದದ್ದೂ ಅಲ್ಲೇ. ಅವರು ಇಡೀ ತರಗತಿಯ ಮೇಲೆ ಕಣ್ಣಾಡಿಸಿ, "ಆ ಹೆಸರಿನೋರು ಯಾರೂ ನಮ್ಮ ಕ್ಲಾಸಲ್ಲಿ ಇಲ್ವಲ್ಲ ಮರಿ. ಪಕ್ಕದ ಕ್ಲಾಸಲ್ಲಿ ಇರ್ಬೇಕು. ಕೂತ್ಕೋ" ಎಂದರಂತೆ. ಸಾಸಿವೆ ಮತ್ತೆ ಎದ್ದಾಗ, "ನಿನ್ನ ಫ್ರೆಂಡು ಆಟದ ಪೀರಿಯಡ್ಡಲ್ಲಿ ಸಿಗ್ತಾಳೆ ಬಿಡು" ಎಂದು ಸಮಾಧಾನ ಮಾಡಿದರಂತೆ. ಸಾಸಿವೆ ಕೂತಳು. ಸಂಜೆ ಮನೆಗೆ ಬಂದದ್ದು ಯಾರದೋ ದೊಗಲೆ ಚಡ್ಡಿಯಲ್ಲಿ, ಕೈಯಲ್ಲಿ ತನ್ನದೇ ಒದ್ದೆ ಬಟ್ಟೆಯ ಗಂಟು ಹಿಡಿದುಕೊಂಡು. ಅಳಲಿಲ್ಲ. ಬಚ್ಚಲಲ್ಲಿ ನೀರು ಹಾಕಿಸಿಕೊಳ್ಳುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದಳು: "ಅದು ನಿಜವಾದ ಮಾತಲ್ಲ, ಅಲ್ವಾ? ನೀನ್ಯಾಕೆ ಹೇಳ್ಲಿಲ್ಲ?" ನೀರು ತುಂಬಿದ ಮಗ್ಗು ಅವಳ ಕೈಯಲ್ಲಿ ಅಲ್ಲೇ ನಿಂತಿತು. ಜಗತ್ತಿಗೆಲ್ಲ ಪದಗಳ ಅಪಾಯ ಹೇಳಿ ಸಂಬಳ ತೆಗೆದುಕೊಳ್ಳುವವಳು ತನ್ನ ಸಂತೋಷಕ್ಕಾಗಿ ಮಗುವಿನ ಕೈಯಲ್ಲಿ ಎಲ್ಲೂ ನಡೆಯದ ನಾಣ್ಯ ಇಟ್ಟು ಪೇಟೆಗೆ ಕಳಿಸಿದ್ದಳು. "ಇನ್ಮೇಲೆ ಯಾರೂ ಅದನ್ನ ಹೇಳ್ಬಾರ್ದು. ಹೊರಗಂತೂ ಹೇಳ್ಲೇಬಾರ್ದು. ಮಾತು ಕೊಡು," ಎಂದಳು ಸಾಸಿವೆ. ಒದ್ದೆ ಕೈಯ ಮೇಲೆ ಒದ್ದೆ ಕೈ ಇಟ್ಟು ಅವಳು ಮಾತು ಕೊಟ್ಟಳು. ಗಂಡನೂ ಕೊಟ್ಟ. ಅತ್ತೆಗೆ ಆ ಆಜ್ಞೆ ಕೇಳಿಸಲಿಲ್ಲ. ಅಲ್ಲಿಂದಾಚೆ ಮನೆಯಲ್ಲಿ ಆ ಪದ ಯಾರ ಬಾಯಲ್ಲೂ ಬರಲಿಲ್ಲ. ಅವಳ ತಲೆಯೊಳಗೆ ಮಾತ್ರ, ಅವಸರ ಆದಾಗಲೆಲ್ಲ, ಹಳೆ ಬಾಡಿಗೆದಾರನ ಹಾಗೆ ಬಾಗಿಲು ತಟ್ಟುತ್ತಿತ್ತು.

ಈಗ ಸಾಸಿವೆ ಮೂರನೆಯ ಕ್ಲಾಸು. ಇವತ್ತು ಶಾಲೆಗೆ ರಜೆ. ಬೆಳಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿ ಇಟ್ಟುಕೊಂಡೇ ಬಾಗಿಲಿಗೆ ಅಡ್ಡ ನಿಂತಿದ್ದಳು. ಕಾರಿನ ಹೆಸರುಗಳಿಗೆ ಮಾರ್ಕು ಕೊಡುವುದು ಅವಳ ಹವ್ಯಾಸ, ಹತ್ತಕ್ಕೆ ಆರರ ಮೇಲೆ ಯಾವುದಕ್ಕೂ ಕೊಟ್ಟವಳಲ್ಲ.

"ಇವತ್ತು ಯಾವ ಹೆಸರು ಇಡ್ತೀರಾ?"

"ಇನ್ನೂ ಗೊತ್ತಿಲ್ಲ ಪುಟ್ಟಾ."

"ಗೊತ್ತಿಲ್ದೇನೇ ಇಸ್ತ್ರಿ ಬಟ್ಟೆ ಹಾಕ್ಕೊಂಡಿದ್ದೀಯಾ?" ಬಾಯಿಂದ ನೊರೆ ಇಳಿಯಿತು. "ಹೋದ್ಸಲದ್ದು ಕೆಮ್ಮಿನ ಔಷಧಿ ಥರ ಇತ್ತು. ನಿಮಗೆ ಹೊಳೀದಿದ್ರೆ ನನ್ನ ಕೇಳಿ."

ಗಂಡ ಚಹಾದ ಲೋಟದೊಳಗೆ ಮುಖ ಮುಚ್ಚಿಕೊಂಡ. ಅವನಿಗೆ ಗೊತ್ತಿತ್ತು. ಸುದ್ದಿ ಕೇಳಿದ ದಿನ ನಕ್ಕು ನಕ್ಕು ಕನ್ನಡಕ ಬೀಳಿಸಿಕೊಂಡು, "ಲಕ್ಷ ಜನ ಭಾನುವಾರ ಭಾನುವಾರ ಅದನ್ನ ಒರೆಸಿ ಒರೆಸಿ ಹೊಳಪು ಮಾಡ್ತಾರೆ ಕಣೆ" ಎಂದಿದ್ದ. ಆಮೇಲೆ ಕನ್ನಡಕ ಹುಡುಕಿ ಹಾಕಿಕೊಂಡು, "ಸಾಸಿವೆಗೆ ಹೇಳಿದ್ಯಾ?" ಎಂದಿದ್ದ. ಅವಳು ಹೇಳಿರಲಿಲ್ಲ. ಹೇಳಲೇಬೇಕಾಗುವುದಿಲ್ಲ ಎಂದುಕೊಂಡಿದ್ದಳು, ಹಲಗೆಯ ಮೇಲೆ ಏರಿದ ಹೆಸರುಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಬಿದ್ದುಹೋಗುತ್ತವೆ. ಯಾವುದೋ ದ್ವೀಪದವರ ಭಾಷೆಯಲ್ಲಿ ಅದು ಶವಪೆಟ್ಟಿಗೆ ಎಂದಾಗಲಿ, ಯಾವುದೋ ಬೆಟ್ಟದವರಿಗೆ ಹಂದಿಯ ಜ್ವರ ಎಂದಾಗಲಿ ಎಂದು ಹಾರೈಸುತ್ತ ಫೋನು ಮಾಡಿದ್ದಳು. ಎಲ್ಲ ಕಡೆಯಿಂದಲೂ ಒಂದೇ ಉತ್ತರ: ಕೇಳೋಕೆ ಚೆನ್ನಾಗಿದೆ, ಅರ್ಥ ಏನೂ ಇಲ್ಲ. ಒಬ್ಬರು ಮುದುಕರು ಮಾತ್ರ ತಮ್ಮ ಮೊಮ್ಮಗಳಿಗೆ ಇಡಬಹುದೇ ಎಂದು ಕೇಳಿದ್ದರು.

ಸಭೆಯಲ್ಲಿ ಮೊದಲು ಬಾಯಿ ಪರೀಕ್ಷೆ. ಹೆಸರು ಕಾಗದದ ಮೇಲೆ ಚೆನ್ನಾಗಿದ್ದರೆ ಸಾಲದು, ಬಾಯಲ್ಲಿ ಬದುಕಬೇಕು ಎಂಬುದು ಇವರ ವಿಭಾಗದ ಪದ್ಧತಿ. ಜಾಹೀರಾತು ಬರೆಯುವ ಗಂಟಲಣ್ಣ, ಧ್ವನಿ ಬಾವಿಯಿಂದ ಬಂದ ಹಾಗೆ ಇದ್ದುದರಿಂದ ಅವನಿಗೆ ಆ ಹೆಸರು, ಮೆಟ್ಟಿಲ ಬಳಿ ಹೋಗಿ ಕೆಟ್ಟ ಮೆಕ್ಯಾನಿಕ್ಕನಿಗೆ ಬೈಯುವ ಹಾಗೆ, "ನನ್ನ ತಯೆಲ್ಲಾಗೆ ಏನ್ರೀ ಮಾಡಿದ್ರಿ?" ಎಂದು ಕೂಗಿದ. ಕೆಳಗಿನಿಂದ ಕಾವಲಿನವರು ಓಡಿ ಬಂದರು. ಇನ್ನೊಬ್ಬರು ಬಾಯಲ್ಲಿ ಬಿಸ್ಕತ್ತು ತುಂಬಿಕೊಂಡು ಹೇಳಿದರು. ಪ್ರೀತಿಯಲ್ಲಿ ಹೇಳುವ ಪಾಲು ವಕೀಲೆಗೆ ಬಂತು. ಯಾವತ್ತೂ ನಗದ ಆ ಹೆಂಗಸು ಕಿಟಕಿಯ ಕಡೆ ತಿರುಗಿ, ಬಹಳ ಮೆತ್ತಗೆ, "ತಯೆಲ್ಲಾ" ಎಂದಳು. ಯಾರೋ ತುಂಬ ಹಿಂದೆ ಬಿಟ್ಟುಹೋದವರನ್ನು ಕರೆದ ಹಾಗಿತ್ತು. ಇತ್ತ ಅವಳು ನಗುವನ್ನೂ ಅಳುವನ್ನೂ ಅದುಮಲು ನೀರಿನ ಲೋಟ ಎತ್ತಿಕೊಂಡಳು. ಗಂಟಲಣ್ಣ ಎದ್ದು ತಾನು ಬರೆದ ಸಾಲನ್ನು ಓದಿದ: "ತಯೆಲ್ಲಾ. ಇನ್ನು ತಡೆಯೇ ಇಲ್ಲ." ನೀರು ಕುಡಿಯುತ್ತಿದ್ದವಳಿಗೆ ನೆತ್ತಿಗೆ ಹತ್ತಿತು. "ಜಾಸ್ತಿ ಆಯ್ತಾ?" ಎಂದ ಅವನು ಕಳವಳದಿಂದ. "ಇಲ್ಲ, ಸರಿಯಾಗೇ ಇದೆ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ.

"ಈಗ ಅತ್ತೆಗೆ ಹಾಕಿ," ಎಂದರು ದೊಡ್ಡವರು, ಕೈ ಉಜ್ಜಿಕೊಂಡು.

ಫೋನು ಪರೀಕ್ಷೆ ಎಂದರೆ ಅವಳ ಅತ್ತೆ. ಕಿವಿ ಮಂದವಾದವರಿಗೂ ಹೆಸರು ಸರಿಯಾಗಿ ತಲುಪಬೇಕು ಎಂದು ಯಾವಾಗಲೋ ಶುರುವಾದದ್ದು ಈಗ ಶಾಸ್ತ್ರವಾಗಿಬಿಟ್ಟಿತ್ತು. ಕಪಾಲ್ಸಾ ಎಂಬ ಹೆಸರು ಎಲ್ಲ ಪರೀಕ್ಷೆ ಗೆದ್ದು ಅತ್ತೆಯ ಹತ್ತಿರ ಬಂದಾಗ ಅವರು, "ಯಾರ ಕಪಾಳಕ್ಕೆ?" ಎಂದು ಕೇಳಿ ಅದನ್ನು ಅಲ್ಲೇ ಮುಗಿಸಿದ್ದರು. ಅವಳು ಕುರ್ಚಿಯಲ್ಲಿ ಹಿಂದೆ ಸರಿದಳು.

"ಇವತ್ತು ಅವರಿಗೆ ಹುಷಾರಿಲ್ಲ ಸಾರ್."

"ಒಳ್ಳೇದೇ ಆಯ್ತು. ಹುಷಾರಿಲ್ದೋರಿಗೂ ಕೇಳಿಸ್ಬೇಕಲ್ಲ."

ಫೋನನ್ನು ಮೇಜಿನ ನಡುವೆ ಇಟ್ಟು ಸ್ಪೀಕರ್ ಹಾಕಿದರು. ಬಹಳ ಹೊತ್ತು ಗಂಟೆ ಬಾರಿಸಿದ ಮೇಲೆ ಅತ್ತೆ ಎತ್ತಿದರು.

"ಅತ್ತೆ, ನಾನು."

"ಹಾಂ? ಯಾರದು?"

"ನಾನು ಅತ್ತೆ, ನಿಮ್ಮ ಸೊಸೆ."

"ಸೊಸೆ ಮನೇಲಿಲ್ಲ, ಆಫೀಸಿಗೆ ಹೋಗಿದ್ದಾಳೆ. ಸಂಜೆ ಮಾಡಿ."

ಗಂಟಲಣ್ಣ ಮುಷ್ಟಿ ಕಚ್ಚಿಕೊಂಡ. "ಪದ, ಪದ," ಎಂದು ದೊಡ್ಡವರು ಪಿಸುಗುಟ್ಟಿದರು. ಅವಳು ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣೊಳಗೆ ಮಗ್ಗು, ಒದ್ದೆ ಕೈ, ತಿರುಗಿದ ಪುಟ್ಟ ಬೆನ್ನು. "ತಯೆಲ್ಲಾ," ಎಂದಳು.

ಆ ಕಡೆ ಮಂಚ ಕಿರುಗುಟ್ಟಿತು. ಅತ್ತೆಯ ಧ್ವನಿ ಒಮ್ಮೆಲೇ ಇಪ್ಪತ್ತು ವರ್ಷ ಚಿಕ್ಕದಾಯಿತು. "ಬೇಗ ಕರ್ಕೊಂಡು ಹೋಗು. ನಿಂತ್ಕೋಬೇಡ. ಹೊರಡು, ಹೊರಡು."

ದೊಡ್ಡವರ ಕಣ್ಣು ಒದ್ದೆಯಾಗಿತ್ತು. "ಹೊರಡು ಅಂದ್ರು," ಎಂದರು ನಿಧಾನವಾಗಿ. "ಸೊಸೆ ಯಾರು ಅಂತ ಗೊತ್ತಾಗ್ಲಿಲ್ಲ. ಹೆಸರು ಕೇಳಿದ ತಕ್ಷಣ, ಬೇಗ ಕರ್ಕೊಂಡು ಹೋಗು ಅಂದ್ರು. ಆ ವಯಸ್ಸಲ್ಲಿ." ಗಂಟಲಣ್ಣ ಆಗಲೇ ಬರೆದುಕೊಳ್ಳುತ್ತಿದ್ದ. ಇಷ್ಟಕ್ಕೇ ಮುಗಿದಿದ್ದರೆ ಅವಳೂ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದಳೇನೋ. ಆದರೆ ಫೋನಿನಿಂದ ಇನ್ನೊಂದು ಧ್ವನಿ ಬಂತು, ಸಣ್ಣದು, ಸ್ಪಷ್ಟ.

"ಅಮ್ಮಾ? ಅಲ್ಲಿ ಯಾರಿದ್ದಾರೆ?"

ಎಲ್ಲರೂ ಮಗುವಿನ ಧ್ವನಿಗೆ ತಕ್ಕ ಮುಖ ಮಾಡಿಕೊಂಡು ಮುಗುಳ್ನಕ್ಕರು. ಅವಳು ಫೋನಿಗೆ ಕೈ ಚಾಚಿದಳು.

"ನೀನು ಹೊರಗೆ ಹೇಳ್ದೆ," ಎಂದಿತು ಆ ಧ್ವನಿ. ಕಟ್ಟಾಯಿತು.

"ಭೇಷ್," ಎಂದರು ದೊಡ್ಡವರು. "ಕಂಪನಿ ಗುಟ್ಟು ಹೊರಗೆ ಹೇಳಬಾರ್ದು ಅಂತ ಮನೆ ಮಗುವಿಗೂ ಗೊತ್ತಿದೆ. ಶಿಸ್ತು ಅಂದ್ರೆ ಇದು. ಕಲೀರಿ." ಅವಳು ನಕ್ಕಳು. ನಕ್ಕೆನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. ಐದು ವರ್ಷದವಳು ಎದ್ದು ನಿಂತು ಸತ್ಯ ಹೇಳಿದಾಗ ಟೀಚರ್ ಅದನ್ನು ಯಾರದೋ ಹೆಸರು ಎಂದುಕೊಂಡರು. ಈಗ ಎಂಟು ವರ್ಷದವಳು ಫೋನಿನಲ್ಲಿ ಸತ್ಯ ಹೇಳಿದರೆ ಇವರು ಶಿಸ್ತು ಎನ್ನುತ್ತಿದ್ದಾರೆ. ಎರಡು ಸಲವೂ ಪಕ್ಕದಲ್ಲಿ ಅಮ್ಮ ಇರಲಿಲ್ಲ. ಇಲ್ಲ, ಈ ಸಲ ಇದ್ದಾಳೆ, ಇಸ್ತ್ರಿ ಬಟ್ಟೆ ಹಾಕಿಕೊಂಡು ಇಲ್ಲೇ ಇದ್ದಾಳೆ.

"ಹಾಗಾದ್ರೆ ನೀವೊಂದು ಮಾತು ಹೇಳ್ಬಿಡಿ, ಮುಗಿಸೋಣ. ಯಾವ ಭಾಷೆಯಲ್ಲೂ ಅರ್ಥ ಇಲ್ಲ, ಅಲ್ವಾ?"

ಅವಳು ಎದ್ದು ನಿಂತಳು. ಕೈ ಎತ್ತಬೇಕೆನ್ನಿಸಿತು, ಎತ್ತಲಿಲ್ಲ. "ಒಂದು ಭಾಷೆ ಬಾಕಿ ಇದೆ ಸಾರ್."

"ಐವತ್ತೂ ಆಯ್ತು ಅಂದ್ರಲ್ಲ."

"ಇದು ಬಹಳ ಚಿಕ್ಕದು. ಮಾತಾಡೋರು ನಾಲ್ಕು ಜನ."

"ನಾಲ್ಕು ಲಕ್ಷನಾ?"

"ಇಲ್ಲ ಸಾರ್. ನಾಲ್ಕು ಜನ."

ದೊಡ್ಡವರು ಪೆನ್ನು ಕೆಳಗಿಟ್ಟರು. "ಅವ್ರು ಕಾರು ತಗೋತಾರಾ?"

"ಬಸ್ಸಲ್ಲಿ ಓಡಾಡ್ತಾರೆ."

"ಮತ್ತೆ ಅವರನ್ನ್ಯಾಕೆ ಕೇಳ್ಬೇಕು?"

"ಪದ ಅವರದ್ದೇ ಆಗಿದ್ರೆ ಕೇಳ್ಬೇಕಾಗುತ್ತಲ್ಲ ಸಾರ್."

"ಕೇಳ್ಲಿ ಬಿಡಿ," ಎಂದಳು ವಕೀಲೆ, ಮತ್ತೆ ತಲೆ ಬಗ್ಗಿಸಿಕೊಂಡು. "ಆಮೇಲೆ ಕೇಸು ಹಾಕಿದ್ರೆ?"

"ನಾಲ್ಕು ಜನ ಸೇರಿ ಕೇಸು ಹಾಕ್ತಾರೇನಮ್ಮ?"

"ಒಬ್ಬರು ಸಾಕು," ಎಂದಳು ವಕೀಲೆ.

ನಾಳೆ ಬೆಳಗ್ಗೆಯವರೆಗೆ ಸಮಯ ಸಿಕ್ಕಿತು. ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕದ ಸೀಟು, ಹೊರಗೆ ಅಲುಗಾಡದ ವಾಹನಗಳ ಸಾಲು. ಒಂದೊಂದು ಕಾರಿನ ಬೆನ್ನ ಮೇಲೂ ಒಂದೊಂದು ಹೊಳೆಯುವ ಹೆಸರು. ಇಷ್ಟು ವರ್ಷ ಅವುಗಳನ್ನು ಓದಿದ್ದಳು, ಇವತ್ತು ಅವು ಅವಳನ್ನು ನೋಡುತ್ತಿದ್ದವು. ಯಾವುದಕ್ಕೂ ಅರ್ಥವಿಲ್ಲ ಎಂದು ಅವಳಂಥ ಯಾರೋ ಎದ್ದು ನಿಂತು ಹೇಳಿರಬೇಕು. ಯಾರಿಗೆ ಗೊತ್ತು, ಆ ಬಿಳಿ ಕಾರಿನ ಹೆಸರು ಯಾರದೋ ಮಗು ಹಾಲಿಗೆ ಕರೆದ ಹೆಸರಿರಬಹುದು. ಆ ಕೆಂಪು ಕಾರಿನದು ಯಾರೋ ಗಂಡ ಹೆಂಡತಿ ಜಗಳ ಮುಗಿಸುವಾಗ ಮಾತ್ರ ಆಡುವ ಮಾತಿರಬಹುದು. ಇಡೀ ರಸ್ತೆ ತುಂಬ ಜನರ ಮನೆಯೊಳಗಿನ ಮಾತುಗಳು ಕ್ರೋಮು ಬಳಿದುಕೊಂಡು, ಹೊಗೆ ಬಿಡುತ್ತ, ಸಿಗ್ನಲ್ಲಿಗೆ ಕಾಯುತ್ತಿವೆ. ಸಾಸಿವೆ ಮುಂದೊಂದು ದಿನ ಇದೇ ರಸ್ತೆ ದಾಟುತ್ತಾಳೆ. ತನ್ನ ನಾಚಿಕೆ ತನ್ನ ಪಕ್ಕದಲ್ಲೇ ಹಾರನ್ ಹೊಡೆದುಕೊಂಡು ಹೋಗುವುದನ್ನು ನೋಡುತ್ತಾಳೆ. ಒಂದಲ್ಲ, ಲಕ್ಷ. ಅವಳ ಪಕ್ಕದ ಸೀಟಿನವರು ತಲೆ ಅವಳ ಹೆಗಲ ಮೇಲೆ ಹಾಕಿ ನಿದ್ದೆಹೋಗಿದ್ದರು. ಎಬ್ಬಿಸಲು ಮನಸ್ಸು ಬಾರದೆ ಇಳಿಯುವ ನಿಲ್ದಾಣ ದಾಟಿಹೋಗಿ, ಹಿಂದಕ್ಕೆ ನಡೆದಳು.

ಸಾಸಿವೆ ಊಟದ ಮೇಜಿನ ಕೆಳಗೆ ಕೂತಿದ್ದಳು. ಬೇಜಾರಾದಾಗ ಅದು ಅವಳ ಆಫೀಸು. ಅಮ್ಮ ಚೀಲ ಕೆಳಗಿಟ್ಟು, ಬಗ್ಗಿ, ತಲೆ ತಗುಲಿಸಿಕೊಂಡು ಒಳಗೆ ತೂರಿದಳು. ಮೊಣಕಾಲು ಗಲ್ಲಕ್ಕೆ ಬಂತು. ಸಾಸಿವೆ ಜಾಗ ಬಿಡಲಿಲ್ಲ, ತಳ್ಳಲೂ ಇಲ್ಲ.

"ಕಾರಿಗೆ ಇಡ್ತಾರಾ ಅದನ್ನ?"

"ಇಡ್ಬೇಕು ಅಂತಿದ್ದಾರೆ."

"ಅವರಿಗೆ ಹೇಗೆ ಗೊತ್ತಾಯ್ತು?"

ಹೇಳಲು ಚೆಂದದ ಸುಳ್ಳು ಒಂದೆರಡು ಸಿದ್ಧವಾಗಿದ್ದವು; ಮೇಜಿನ ಕೆಳಗೆ ಅವಕ್ಕೆ ಜಾಗ ಸಾಲಲಿಲ್ಲ. "ಮೀಟಿಂಗಲ್ಲಿ ನಂಗೆ ತುಂಬ ಬಂದ್ಬಿಟ್ಟಿತ್ತು. ಏಳೋಕೆ ನಾಚಿಕೆ. ಬಾಯಿ ತಪ್ಪಿ ಅದೇ ಬಂತು."

ಸಾಸಿವೆ ಮೊದಲ ಬಾರಿಗೆ ತಿರುಗಿ ನೋಡಿದಳು. "ಎಲ್ಲರ ಮುಂದೆನಾ?"

"ಎಲ್ಲರ ಮುಂದೆ."

"ಆಗ್ಹೋಯ್ತಾ?"

"ಇಲ್ಲ. ಓಡಿದೆ."

"ಪುಣ್ಯ," ಎಂದಳು ಸಾಸಿವೆ, ಅನುಭವಸ್ಥರ ಹಾಗೆ. ಸ್ವಲ್ಪ ಹೊತ್ತು ತನ್ನ ಕಾಲ್ಬೆರಳುಗಳನ್ನು ನೋಡಿಕೊಂಡಳು. "ಅವರಿಗೆ ಅರ್ಥ ಆಗ್ಲಿಲ್ವಾ?"

"ಹೆಸರು ಅನ್ಕೊಂಡ್ರು."

"ಟೀಚರ್ ಥರ."

"ಟೀಚರ್ ಥರಾನೇ." ಅವಳಿಗೆ ಮುಂದಿನದು ಹೇಳಲು ಉಸಿರು ಬೇಕಾಯಿತು. "ಮಾತು ಕೊಟ್ಟು ತಪ್ಪಿದ್ದೀನಿ. ಅವತ್ತೂ ತಪ್ಪು ನಂದೇ. ಅದು ನಿಜವಾದ ಮಾತೇ ಪುಟ್ಟಾ. ಆದ್ರೆ ನಾಲ್ಕೇ ಜನಕ್ಕೆ ಗೊತ್ತಿರೋ ಮಾತು ಅಂತ ನಿಂಗೆ ಹೇಳ್ಬೇಕಿತ್ತು. ನಂಗೆ ಅದನ್ನ ಕೇಳೋಕೆ ಇಷ್ಟ ಆಗ್ತಿತ್ತು, ಅದಕ್ಕೇ ಹೇಳ್ಲಿಲ್ಲ. ನೀನು ಬೇಡ ಅಂದ್ರೆ ನಾಳೆ ಹೋಗಿ ಹೇಳ್ತೀನಿ, ಅದಕ್ಕೆ ಅರ್ಥ ಇದೆ, ಇಡೋ ಹಾಗಿಲ್ಲ ಅಂತ."

"ಏನರ್ಥ ಅಂತ ಕೇಳಿದ್ರೆ?"

"ಅದು ಆ ಭಾಷೆಯವರ ಗುಟ್ಟು ಅಂತೀನಿ."

"ಬೈತಾರಾ?"

"ಬೈತಾರೆ. ಬೈಸ್ಕೋತೀನಿ."

ಸಾಸಿವೆ ಗಲ್ಲಕ್ಕೆ ಕೈಕೊಟ್ಟು ಕೂತಳು. ಹೊರಗೆ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ದೊಡ್ಡವರ ಕುರ್ಚಿಯ ಎದುರು ಅವಳು ಎಂದೂ ಹೀಗೆ ಬೆವರಿರಲಿಲ್ಲ.

"ಆ ಟೀಚರಿಗೆ ಕಾರಿಲ್ಲ," ಎಂದಳು ಸಾಸಿವೆ ಕೊನೆಗೆ. "ಸ್ಕೂಟರ್ ಇದೆ. ಹಳೇದು. ಬೆಳಗ್ಗೆ ಒದ್ದು ಒದ್ದು ಸ್ಟಾರ್ಟ್ ಮಾಡ್ತಾರೆ."

"ಮುಂದೆ ಕಾರು ತಗೋಬಹುದು."

"ಸಂಸಾರದ ಕಾರಾ ಇದು?"

"ಹ್ಞೂಂ, ಸಂಸಾರದ್ದೇ."

"ತಗೊಂಡ್ರೆ, ಯಾರಾದ್ರೂ ನಿಮ್ಮದು ಯಾವುದು ಅಂತ ಕೇಳಿದ್ರೆ..." ಸಾಸಿವೆಯ ತುಟಿಯ ಒಂದು ಕೊನೆ ಅಲುಗಿತು. ಅದನ್ನು ಹಲ್ಲಿನಿಂದ ಹಿಡಿದುಕೊಂಡಳು.

"ಪೆಟ್ರೋಲ್ ಬಂಕಲ್ಲಿ," ಎಂದಳು ಅವಳು, ಬೇಕೆಂದೇ. "ಅಲ್ಲಿ ಗದ್ದಲ ಇರುತ್ತೆ. ಜೋರಾಗಿ ಹೇಳ್ಬೇಕಾಗುತ್ತೆ."

"ಎಲ್ಲರ ಮುಂದೆ," ಎಂದಳು ಸಾಸಿವೆ. ಬೆನ್ನು ನೆಟ್ಟಗೆ ಮಾಡಿ, ಕುತ್ತಿಗೆ ಉದ್ದ ಮಾಡಿ, ಟೀಚರಿನ ಧ್ವನಿ ತಂದುಕೊಂಡಳು. "ಸ್ವಲ್ಪ ಬೇಗ ನೋಡಪ್ಪಾ, ನಂದು ತಯೆಲ್ಲಾ."

ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು. "ಯಾರಿಗೆ?" ಚಪ್ಪಲಿ ಎಳೆಯುವ ಸದ್ದು ಹತ್ತಿರ ಬಂತು, ಅತ್ತೆಯ ಪಾದಗಳು ಮೇಜಿನ ಪಕ್ಕ ಬಂದು ನಿಂತವು. ನಿಧಾನವಾಗಿ ಅವರ ಮುಖ ತಲೆಕೆಳಗಾಗಿ ಇಳಿದು ಬಂತು. ಮುದುರಿ ಕೂತ ಸೊಸೆಯನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. "ಇಬ್ಬರಿಗೂನಾ?" ಎಂದರು.

ಸಾಸಿವೆ ಸಿಡಿದಳು. ಅವಳನ್ನು ನೋಡಿ ಅಮ್ಮನೂ. ಮೇಜಿನ ಹಲಗೆಗೆ ತಲೆ ಹೊಡೆದುಕೊಂಡು, ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ನಗುತ್ತಿರುವಾಗ, ಸಾಸಿವೆ ಇದ್ದಕ್ಕಿದ್ದಂತೆ ತೊಡೆ ಎರಡನ್ನೂ ಅಂಟಿಸಿಕೊಂಡು ಗಂಭೀರಳಾದಳು. "ಅಮ್ಮಾ," ಎಂದಳು, ಮೂರು ವರ್ಷದ ಧ್ವನಿಯಲ್ಲಿ. "ತಯೆಲ್ಲಾ."

ಮೂರನೆಯ ಕ್ಲಾಸಿನ ಹುಡುಗಿ ಎತ್ತಿಕೊಳ್ಳುವಷ್ಟು ಹಗುರ ಇರಲಿಲ್ಲ. ಆದರೂ ಅಮ್ಮ ಎತ್ತಿಕೊಂಡು ಓಡಿದಳು. ಬಾಗಿಲು ಮುಚ್ಚಿತು. ಹೊರಗೆ ಗೋಡೆಗೆ ಒರಗಿ, ಏದುಸಿರು ಬಿಡುತ್ತ, ಸೊಂಟ ಹಿಡಿದುಕೊಂಡು ನಿಂತಳು. ಒಳಗಿನಿಂದ ನೀರಿನ ಸದ್ದು, ನಗುವಿನ ಚೂರುಗಳು, ಆಮೇಲೆ ಮುಚ್ಚಿದ ಬಾಗಿಲಿನಾಚೆಯಿಂದ ಈ ಮನೆಯ ದೊಡ್ಡವರ ತೀರ್ಪು.

"ಅಮ್ಮಾ. ಇಟ್ಕೊಳ್ಳಲಿ ಅಂತ ಹೇಳು."

"ನಿಜವಾಗ್ಲೂನಾ?"

"ಅರ್ಥ ಮಾತ್ರ ಹೇಳ್ಬಾರ್ದು. ಅದು ನಮ್ಮದು." ಸ್ವಲ್ಪ ತಡೆದು, "ಇನ್ನೊಂದು. ಕಾರು ಸೋರಬಾರ್ದು ಅಂತ ಹೇಳು ಅವರಿಗೆ."

ಹೇಳುತ್ತೇನೆ ಎನ್ನುವಷ್ಟರಲ್ಲಿ ಬಾಗಿಲು ತೆರೆದು ಸಾಸಿವೆ ಒದ್ದೆ ಕೈಯನ್ನು ಅವಳ ಇಸ್ತ್ರಿ ಬಟ್ಟೆಗೇ ಒರೆಸಿಕೊಂಡು ಹೊರಬಂದಳು. "ಹತ್ತಕ್ಕೆ ಏಳು ಕೊಡ್ತೀನಿ," ಎಂದು ಹೊರಟುಹೋದಳು. ಅವಳೂ ಹಿಂದೆ ಹೊರಟಳು. ಅತ್ತೆ ಅಡ್ಡ ನಿಂತಿದ್ದರು, ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದರಿಂದ ಅವಳ ಭುಜವನ್ನು ಬಾಗಿಲ ಕಡೆ ತಿರುಗಿಸುತ್ತ.

"ಅವಳದ್ದು ಆಯ್ತು," ಎಂದರು. "ಈಗ ನೀನು ಹೋಗು. ನಿಂತ್ಕೋಬೇಡ."